ಟ್ಯಾಂಕರ್ ಬಂದ ದಿನದ ಕಾಫಿ

ಫಿಲ್ಟರ್ ಕಾಫಿಗೆ ದೊಡ್ಡ ಮನಸ್ಸು. ಪುಡಿ ಅರ್ಧ ಚಮಚ ಹೆಚ್ಚಾಗಲಿ, ನೀರು ಕುದಿದು ಒಂದಿಷ್ಟು ಆರಿರಲಿ, ಡಿಕಾಕ್ಷನ್ ತನ್ನ ಪಾಡಿಗೆ ತೊಟ್ಟಿಕ್ಕುತ್ತಾ ಕೂತಿರುತ್ತದೆ. ಏನಾದರೂ ಏರುಪೇರಾಗಿದ್ದರೆ ಹಾಲು, ಸಕ್ಕರೆ, ಚಿಕೋರಿ ಸೇರಿ ಮುಚ್ಚಿಹಾಕುತ್ತವೆ. ಎಸ್ಪ್ರೆಸೋಗೆ ಇಂಥ ದಾಕ್ಷಿಣ್ಯವೆಲ್ಲ ಇಲ್ಲ. ಒತ್ತಿ ಕೂರಿಸಿದ 18 ಗ್ರಾಂ ಪುಡಿಯ ಬಿಲ್ಲೆಯನ್ನು 90 ಡಿಗ್ರಿ ಮೀರಿದ ಬಿಸಿನೀರು 9 ಬಾರ್ ಒತ್ತಡದಲ್ಲಿ ಹಾದು, ಅರ್ಧ ನಿಮಿಷದೊಳಗೆ 36 ಗ್ರಾಂ ಕಾಫಿಯಾಗಿ ಕಪ್ಪಿಗೆ ಇಳಿಯಬೇಕು. 1901ರಲ್ಲಿ ಮಿಲಾನಿನ ಲುಯಿಜಿ ಬೆಜ್ಜೆರಾ ಪೇಟೆಂಟ್ ಪಡೆದ ಯಂತ್ರ ಆವಿಯ ಬಲದಿಂದ ನಡೆಯುತ್ತಿತ್ತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅದೇ ಊರಿನ ಅಕೀಲೆ ಗಾಜಿಯಾ ಸನ್ನೆಕೋಲಿನ ಯಂತ್ರ ತಂದ. ನೊರೆಗಟ್ಟುವ ಇಂದಿನ ಎಸ್ಪ್ರೆಸೋ ಶುರುವಾದದ್ದು ಆಗ. ಅಷ್ಟು ಒತ್ತಡದಲ್ಲಿ ಸಣ್ಣ ವ್ಯತ್ಯಾಸವೂ ದೊಡ್ಡದಾಗಿ ಕಾಣುತ್ತದೆ. ಸೋಮವಾರ ಜೇನಿನಂತೆ ಇಳಿದದ್ದು ಮಂಗಳವಾರ ಹುಣಸೆಹಣ್ಣಿನ ನೀರಾಗಿರುತ್ತದೆ.

ನಮ್ಮ ಮನೆಯಲ್ಲಿ ಈ ಏರುಪೇರಿಗೆ ಇನ್ನೊಂದು ಅರ್ಥವೂ ಇತ್ತು.

ಅಪ್ಪ ಹಾಸನದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸಿನಲ್ಲಿ ಮೂವತ್ತೊಂದು ವರ್ಷ ದುಡಿದವರು. ತೋಟಗಳಿಂದ ಬಂದ ಕಾಫಿಯ ಸಿಪ್ಪೆ ಬಿಡಿಸಿ, ಬೀಜದ ಗಾತ್ರ ನೋಡಿ ಎ, ಬಿ, ಸಿ, ಪೀಬೆರಿ ಎಂದು ವಿಂಗಡಿಸುವ ಜಾಗ ಅದು. ಹುಳಿತ ಬೀಜ ಬೆರೆತಿದ್ದರೆ ಅಪ್ಪ ಮೂಟೆಯ ಬಾಯಿ ಬಿಚ್ಚಿ ಮೂಸಿಯೇ ಹೇಳುತ್ತಿದ್ದರಂತೆ. ಈಗ ಅವರಿಗೆ ಎಪ್ಪತ್ತೆಂಟು, ಬೆಂಗಳೂರಿನಲ್ಲಿ ನಮ್ಮ ಜೊತೆ ಇದ್ದಾರೆ. ಕಳೆದೊಂದು ವರ್ಷದಿಂದ ಮರೆವು. ಕೇಳಿದ್ದನ್ನೇ ಮತ್ತೆ ಕೇಳುತ್ತಾರೆ. ಒಮ್ಮೆ ಲಿಫ್ಟಿನೊಳಗೆ ನಿಂತು ನಮ್ಮದು ಎಷ್ಟನೇ ಮಹಡಿ ಎಂದು ಪಕ್ಕದವರನ್ನು ಕೇಳಿದರಂತೆ.

ಬೆಳಗಿನ ಮೊದಲ ಕಪ್ಪು ಅವರದು. ಹಾಲು ಬೆರೆಸುವ ಮೊದಲು ಒಂದು ಗುಟುಕು ಕುಡಿದು ತೀರ್ಪು ಕೊಡುವುದು ಅಭ್ಯಾಸ. "ಪರವಾಗಿಲ್ಲ" ಎಂದರೆ ಬಹಳ ಚೆನ್ನಾಗಿದೆ ಎಂದರ್ಥ. ಬೇಸಿಗೆ ಶುರುವಾದ ಮೇಲೆ ಬೇರೆ ಮಾತುಗಳು ಬರತೊಡಗಿದವು. "ಇವತ್ತು ಚಪ್ಪೆ ಕಣಮ್ಮ. ಸುಣ್ಣದ ನೀರು ಕುಡಿದ ಹಾಗಿದೆ." ಮರುದಿನ ಪರವಾಗಿಲ್ಲ. ಅದರ ಮರುದಿನ ಮತ್ತೆ ಚಪ್ಪೆ. ಪುಣೆಯಲ್ಲಿರುವ ಅಣ್ಣ ಫೋನಿನಲ್ಲಿ ಇದನ್ನು ಕೇಳಿ, "ಅಪ್ಪನ ನಾಲಿಗೇನೂ ಮರೀತಾ ಇದೆ ಅಂತ ಕಾಣುತ್ತೆ. ಡಾಕ್ಟರಿಗೆ ಇದನ್ನೂ ಹೇಳು" ಅಂದ. ಹಾಗೆ ಹೇಳಬೇಕಾದರೆ ನಾನು ಕೊಟ್ಟ ಕಾಫಿ ದಿನವೂ ಒಂದೇ ಥರ ಇತ್ತು ಎಂಬುದು ಮೊದಲು ನನಗೆ ಖಾತ್ರಿಯಾಗಬೇಕಿತ್ತು. ಬದಲಾಗುತ್ತಿರುವುದು ಕಾಫಿಯೋ, ಅಪ್ಪನೋ?

ಒಂದು ನೋಟ್‌ಬುಕ್ ಇಟ್ಟೆ. ಎಡಗಡೆ ಪುಡಿಯ ತೂಕ, ಇಳಿದ ಕಾಫಿಯ ತೂಕ, ಹಿಡಿದ ಸೆಕೆಂಡು. ಬಲಗಡೆ ಅಪ್ಪನ ಮಾತು. ಒಂದು ಸಲಕ್ಕೆ ಒಂದನ್ನಷ್ಟೇ ಬದಲಾಯಿಸುವುದು ಎಂದು ನಿಯಮ ಮಾಡಿಕೊಂಡೆ. ಎಸ್ಪ್ರೆಸೋ ಕಲಿಯುವವರಿಗೆ ಇದಕ್ಕಿಂತ ಕಷ್ಟದ ನಿಯಮ ಇಲ್ಲ, ಯಾಕೆಂದರೆ ಕೈ ಸುಮ್ಮನಿರುವುದಿಲ್ಲ.

ತೂಕ ಬೇಗ ಹತೋಟಿಗೆ ಬಂತು. ಬೀಜದ ವಯಸ್ಸು ಸ್ವಲ್ಪ ಕಾಡಿತು. ಹುರಿದ ಬೀಜ ಒಂದೆರಡು ವಾರ ಇಂಗಾಲದ ಡೈಆಕ್ಸೈಡನ್ನು ಬಿಡುತ್ತಲೇ ಇರುತ್ತದೆ. ತೀರಾ ಹೊಸ ಬೀಜದಲ್ಲಿ ಆ ಅನಿಲವೇ ನೀರನ್ನು ತಡೆಯುತ್ತದೆ. ಹಳತಾದಂತೆ ತಡೆ ಕಡಿಮೆಯಾಗಿ ಅದೇ ಪುಡಿಯಲ್ಲಿ ನೀರು ಬೇಗ ಓಡುತ್ತದೆ. ಹಾಗಾಗಿ ಚಿಕ್ಕಮಗಳೂರಿನಿಂದ ತರಿಸಿದ ಪೊಟ್ಟಣವನ್ನು ಹತ್ತು ದಿನ ಮುಟ್ಟದೆ ಇಟ್ಟೆ.

ನಿಜವಾದ ತಂಟೆ ಬಿಲ್ಲೆಯೊಳಗಿತ್ತು. ಗದ್ದೆಯ ಬದುವಿನಲ್ಲಿ ಏಡಿ ಒಂದು ತೂತು ಕೊರೆದರೆ ಸಾಕು, ಇಡೀ ಗದ್ದೆಯ ನೀರು ಅಲ್ಲಿಂದಲೇ ಹರಿದುಹೋಗುತ್ತದೆ. ಕಾಫಿಯ ಬಿಲ್ಲೆಯಲ್ಲಿ ಆಗುವುದೂ ಅದೇ. ಪುಡಿ ಒಂದು ಕಡೆ ಗಂಟುಗಟ್ಟಿ ಇನ್ನೊಂದು ಕಡೆ ಸಡಿಲವಾಗಿದ್ದರೆ ನೀರು ಸಡಿಲ ಜಾಗ ಹುಡುಕಿ ನುಗ್ಗುತ್ತದೆ. ಆ ದಾರಿಯಲ್ಲಿದ್ದ ಪುಡಿ ಸಾರವೆಲ್ಲ ಕಳೆದುಕೊಂಡು ಕಹಿಯಾಗುತ್ತದೆ. ಮಿಕ್ಕ ಪುಡಿಗೆ ನೀರು ಸರಿಯಾಗಿ ತಾಗದೆ ಹುಳಿ ಉಳಿಯುತ್ತದೆ. ಒಂದೇ ಕಪ್ಪಿನಲ್ಲಿ ಹುಳಿ, ಕಹಿ ಎರಡೂ ಸಿಕ್ಕರೆ ಏಡಿ ಬಂದಿದೆ ಎಂದೇ ತಿಳಿಯಬೇಕು. ಬಾಟಲಿಯ ಬಿರಡೆಗೆ ನಾಲ್ಕು ಸೂಜಿ ಚುಚ್ಚಿ, ಒತ್ತುವ ಮೊದಲು ಅದರಿಂದ ಪುಡಿಯನ್ನು ತಳದವರೆಗೆ ಕೆದಕತೊಡಗಿದೆ. ಅಂಗಡಿಯಲ್ಲಿ ಇದಕ್ಕೆಂದೇ ಮಾಡಿದ ಉಪಕರಣ ಸಿಗುತ್ತದೆ, ಆದರೆ ಸೂಜಿ ಸೂಜಿಯೇ.

ಆಮೇಲೆ ಪುಡಿಯ ನುಣುಪು. ಕಾಫಿ ಬೇಗ ಇಳಿದರೆ ಇನ್ನಷ್ಟು ನುಣ್ಣಗೆ ಬೀಸು ಎಂಬುದು ಎಲ್ಲರೂ ಕೊಡುವ ಸಲಹೆ. 2020ರಲ್ಲಿ 'ಮ್ಯಾಟರ್' ಎಂಬ ವಿಜ್ಞಾನ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಇದಕ್ಕೆ ಒಂದು ಮಿತಿ ಹಾಕಿತು. ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞ ಕ್ರಿಸ್ಟೋಫರ್ ಹೆಂಡನ್ ಗಣಿತಜ್ಞರ ಜೊತೆ ಸೇರಿ ಮಾಡಿದ್ದು ಅದು. ಒಂದು ಹಂತ ದಾಟಿ ನುಣ್ಣಗೆ ಬೀಸಿದರೆ ನೀರು ಸಮವಾಗಿ ಹರಿಯುವುದಿಲ್ಲ, ಸಾರ ಕಡಿಮೆಯಾಗುತ್ತದೆ, ಕಪ್ಪಿನಿಂದ ಕಪ್ಪಿಗೆ ವ್ಯತ್ಯಾಸವೂ ಹೆಚ್ಚುತ್ತದೆ ಎಂದು ಅವರು ಕಂಡುಕೊಂಡರು. ನಾನು ಗ್ರೈಂಡರನ್ನು ಎರಡು ಗೀಟು ದಪ್ಪಕ್ಕೆ ತಿರುಗಿಸಿದೆ. ಮುಂದಿನ ಮೂರು ವಾರ ಸೆಕೆಂಡುಗಳು 27ರಿಂದ 29ರ ನಡುವೆಯೇ ನಿಂತವು.

ಪುಟದ ಎಡಗಡೆ ಎಲ್ಲ ಸಮವಾಯಿತು. ಬಲಗಡೆ ಮಾತ್ರ ಹಾಗೇ ಉಳಿಯಿತು. ಇಪ್ಪತ್ತಮೂರು ದಿನದಲ್ಲಿ ಏಳು ಸಲ 'ಚಪ್ಪೆ'.

ಅಣ್ಣನ ಮಾತೇ ಸರಿಯೇನೋ ಎನ್ನುವ ಹೊತ್ತಿಗೆ ನೆರವಾದದ್ದು ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನ ಜಗಳ. ಟ್ಯಾಂಕರ್ ಖರ್ಚು ಯಾರೆಷ್ಟು ಕೊಡಬೇಕು ಎಂಬ ವಾದಕ್ಕೆ ಕಾರ್ಯದರ್ಶಿ ಯಾವ್ಯಾವ ದಿನ ಎಷ್ಟು ಲೋಡ್ ಬಂತೆಂಬ ಪಟ್ಟಿ ಹಾಕಿದ್ದರು. ಕಾವೇರಿ ಬಾರದ ದಿನ ಬೋರ್‌ವೆಲ್ ನೀರಿನ ಟ್ಯಾಂಕರ್ ಬರುತ್ತದೆ, ಅದೇ ಸಂಪಿಗೆ. ಪಟ್ಟಿಯನ್ನು ನೋಟ್‌ಬುಕ್ಕಿನ ಪಕ್ಕ ಇಟ್ಟು ನೋಡಿದೆ. ಏಳು ಚಪ್ಪೆಗಳಲ್ಲಿ ಆರು, ಟ್ಯಾಂಕರ್ ಬಂದ ದಿನ ಅಥವಾ ಅದರ ಮರುದಿನ.

ಟಿಡಿಎಸ್ ಮೀಟರ್ ತರಿಸಿದೆ. ಕಾವೇರಿಯ ದಿನ 170ರ ಆಸುಪಾಸು, ಟ್ಯಾಂಕರಿನ ದಿನ 640. ನಮ್ಮ ಮನೆಯ ಫಿಲ್ಟರ್ ಬರೀ ಯುವಿ. ಅದು ಕ್ರಿಮಿ ಕೊಲ್ಲುತ್ತದೆ, ಕರಗಿದ ಲವಣ ತೆಗೆಯುವುದಿಲ್ಲ. ಗಡಸು ನೀರಿನಲ್ಲಿರುವ ಬೈಕಾರ್ಬೊನೇಟ್ ಕಾಫಿಯ ಆಮ್ಲವನ್ನು ನುಂಗಿಹಾಕುತ್ತದೆ. ಕಾಫಿಯ ಚುರುಕು ಸತ್ತು ಸಪ್ಪೆ, ಸುಣ್ಣ ಸುಣ್ಣ ಎನ್ನಿಸುತ್ತದೆ. ತೂಕದಲ್ಲಾಗಲಿ ಸೆಕೆಂಡಿನಲ್ಲಾಗಲಿ ಇದರ ಸುಳಿವು ಸಿಗುವುದಿಲ್ಲ. ಅಪ್ಪ ಆಡಿದ್ದೂ ಸುಣ್ಣ ಎಂಬ ಮಾತನ್ನೇ.

ಆದರೂ ಪರೀಕ್ಷೆ ಬೇಕೆನ್ನಿಸಿತು. ಎರಡೂ ಬಗೆಯ ನೀರನ್ನು ಬೇರೆ ಬೇರೆ ಬಿಂದಿಗೆಯಲ್ಲಿ ಹಿಡಿದಿಟ್ಟೆ. ಯಂತ್ರದೊಳಗಿನ ಹಳೆ ನೀರನ್ನು ಪೂರ್ತಿ ಓಡಿಸಿ, ಒಂದೊಂದರಲ್ಲಿ ಒಂದೊಂದು ಕಪ್ಪು ಮಾಡಿ, ಏನೂ ಹೇಳದೆ ಅಪ್ಪನ ಮುಂದಿಟ್ಟೆ. ನಾಲ್ಕು ಬೆಳಗ್ಗೆ ಹೀಗೆ ಮಾಡಿದೆ. ನಾಲ್ಕು ಸಲವೂ ಟ್ಯಾಂಕರಿನ ಕಪ್ಪನ್ನೇ ಪಕ್ಕಕ್ಕೆ ಸರಿಸಿದರು. ಕೊನೆಯ ದಿನ ಸ್ವಲ್ಪ ರೇಗಿ, "ಬೋರಿನ ನೀರಲ್ಲಿ ಕಾಫಿ ಮಾಡೋರ ಮನೆಗೆ ನಾನು ಎರಡನೇ ಸಲ ಹೋದವನಲ್ಲ" ಅಂದರು.

ಈಗ ಕ್ಯಾನ್ ನೀರಿಗೆ ನಲ್ಲಿ ನೀರು ಬೆರೆಸುತ್ತೇನೆ. ಬರೀ ಕ್ಯಾನಿನದು ಆಗುವುದಿಲ್ಲ. ಆರ್‌ಒ ಮಾಡಿ ಲವಣವೆಲ್ಲ ತೆಗೆದ ನೀರಿನಲ್ಲಿ ಕಾಫಿ ತೆಳ್ಳಗೆ, ಹುಳಿಯಾಗಿ ಬರುತ್ತದೆ. ಮೀಟರ್ 150 ತೋರಿಸುವವರೆಗೆ ಬೆರೆಸಿದರೆ ಅಪ್ಪನ 'ಪರವಾಗಿಲ್ಲ' ಸಿಗುತ್ತದೆ.

ಅಣ್ಣನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಡಾಕ್ಟರು ಬೇಡ್ವಾ?" ಎಂದು ಕೇಳಿದ. ಬೇಕು ಅಂದೆ. ಸರಿಯಾದ ಕಪ್ಪನ್ನು ಆರಿಸಿದ ಆ ಬೆಳಗ್ಗೆಯೇ ಅಪ್ಪ, "ಇದು ಯಾವ ತೋಟದ್ದು?" ಎಂದು ಕೇಳಿದ್ದರು. ಹೇಳಿದೆ. ಹತ್ತು ನಿಮಿಷ ಬಿಟ್ಟು ಮತ್ತೆ ಕೇಳಿದರು. ತಿಂಡಿ ತಿನ್ನುವಾಗ ಮತ್ತೊಮ್ಮೆ.

ಆಸ್ಪತ್ರೆಯವರು ಮನೆಯವರು ತುಂಬಿಕೊಡಬೇಕಾದ ಒಂದು ಹಾಳೆ ಕಳಿಸಿದ್ದಾರೆ. ದಿನ, ವಾರ ನೆನಪಿರುತ್ತದೆಯೇ, ದಾರಿ ತಪ್ಪಿದ್ದುಂಟೇ, ಹೀಗೆ ಎರಡು ಪುಟ. ರುಚಿ, ವಾಸನೆಯಲ್ಲಿ ಬದಲಾವಣೆ ಎಂಬಲ್ಲಿ 'ಇಲ್ಲ' ಎಂದು ಬರೆದೆ. ಉಳಿದ ಸಾಲುಗಳನ್ನು ಇವತ್ತು ರಾತ್ರಿ ಅಣ್ಣನ ಜೊತೆ ಫೋನಿನಲ್ಲಿ ಕೂತು ತುಂಬಬೇಕು.