ಎಯ್ಬಾರ್ ಪಟ್ಟಣದಲ್ಲಿ ಒಂದು ದಿನ

ನನ್ನ ಮಗನು ಉದ್ಯೋಗನಿಮಿತ್ತವಾಗಿ ಸ್ಪೇನ್ ದೇಶದ ಬಿಲ್ಬಾವೊ ನಗರದಲ್ಲಿ ನೆಲಸಿರುವನು. ನಾನು ಅವನಲ್ಲಿಗೆ ಹೋಗಿದ್ದಾಗ ನೆರೆಮನೆಯ ಫ್ರೆಂಚ್ ವೃದ್ಧರೊಬ್ಬರ ಪರಿಚಯವಾಯಿತು. ಅವರೂ ನನ್ನಂತೆ ನಿವೃತ್ತ ಉಪಾಧ್ಯಾಯರು. ಅವರ ತಾತನವರು 1914–18ರ ಮಹಾಯುದ್ಧದಲ್ಲಿ ಹೋರಾಡಿ, ಬದುಕಿ ಮನೆಗೆ ಬಂದವರು. ಆಗ ಅವರ ಸೊಂಟದಲ್ಲಿದ್ದ ಕಿರುಪಿಸ್ತೂಲು ಸರ್ಕಾರದ ಅಪ್ಪಣೆಯೊಡನೆ ಇವರ ಊರಿನ ಮನೆಯಲ್ಲಿ ಇಂದಿಗೂ ಇದೆ. ಆದರೆ ತೋಟಾಗಳನ್ನು ತುಂಬಿ ಹಿಡಿಯೊಳಕ್ಕೆ ಸೇರಿಸುವ ತಗಡಿನ ಗೂಡು ಎಂದೋ ಕಳೆದುಹೋಗಿತ್ತು.

“ಮೂರು ಗೂಡುಗಳನ್ನು ಕೊಂಡು ನೋಡಿದೆ. ಒಂದು ಒಳಗೇ ಹೋಗಲಿಲ್ಲ. ಒಂದು ಹೋಗಿ ಜಾರಿಬಿದ್ದಿತು. ಮತ್ತೊಂದು ನಡುವೆ ಸಿಕ್ಕಿಕೊಂಡಿತು. ಮೊಮ್ಮಗನಿಗೆ ಊನವಾದ ವಸ್ತುವನ್ನು ಹೇಗೆ ಒಪ್ಪಿಸಲಿ?” ಎಂದು ಅವರು ಕೊರಗುತ್ತಿದ್ದರು. ಆ ಪಿಸ್ತೂಲು ಹುಟ್ಟಿದ ಊರು ಎಯ್ಬಾರ್. ಅಲ್ಲಿ ವಿಚಾರಿಸೋಣವೆಂದು ಒಂದು ದಿನ ನಾವು ಮೂವರೂ ಹೊರಟೆವು.

ಬಿಲ್ಬಾವೊದಿಂದ ಅಲ್ಲಿಗೆ ಹೋಗುವುದು ಮೀಟರ್ ಗೇಜಿನ ರೈಲು. ನಮ್ಮ ಹಳೆಯ ಮೈಸೂರಿನ ಗಾಡಿಗಳನ್ನು ನೆನೆಯುತ್ತ ಕುಳಿತೆನು. ಬೆಟ್ಟಗಳ ಇಕ್ಕಟ್ಟಿನಲ್ಲಿ ಎಗೋ ಎಂಬ ಸಣ್ಣ ನದಿ. ಅದರ ಕಣಿವೆಯಲ್ಲಿ ಊರು. ಸಮನೆಲವು ದುರ್ಲಭವಾದುದರಿಂದ ಕಾರ್ಖಾನೆಗಳೂ ಮನೆಗಳಂತೆಯೇ ಮಹಡಿಯ ಮೇಲೆ ಮಹಡಿಯಾಗಿ ಬೆಳೆದಿವೆ. ಬಾಸ್ಕ್ ಜನರ ಈ ಊರು ಶತಮಾನಗಳಿಂದ ಆಯುಧಗಳಿಗೆ ಹೆಸರಾದುದು.

ಪೋರ್ತಾಲೆಯಾ ಎಂಬ ಕಟ್ಟಡದಲ್ಲಿ 2007ರಲ್ಲಿ ತೆರೆದ ಆಯುಧೋದ್ಯಮದ ವಸ್ತುಸಂಗ್ರಹಾಲಯವಿದೆ. ಅಲ್ಲಿ ನಮಗೆ ಒಬ್ಬ ಮುದುಕರು ದೊರೆತರು. ಹಿಂದೆ ಬಂದೂಕಿನ ಕೆಲಸಗಾರರಾಗಿದ್ದವರು. ನಮ್ಮ ಸಂಗತಿಯನ್ನು ಕೇಳಿ ನಕ್ಕು, ಅದರ ಮೂಲವನ್ನು ತಿಳಿಸಿದರು. ಮಗನು ನಡುವೆ ಕುಳಿತು ಇಬ್ಬರಿಗೂ ದುಭಾಷಿಯಾದನು.

1915ರಲ್ಲಿ ಫ್ರಾನ್ಸಿನ ಸೈನ್ಯಕ್ಕೆ ಪಿಸ್ತೂಲುಗಳ ಕ್ಷಾಮ ಬಂದಿತು. ಗಾಬಿಲೊಂದೊ ಮತ್ತು ಉರ್ರೆಸ್ತಿ ಎಂಬವರ ಕಾರ್ಖಾನೆಯು ‘ರೂಬಿ’ ಎಂಬ 7.65 ಮಿಲಿಮೀಟರಿನ, ಒಂಬತ್ತು ತೋಟಾಗಳ ಕಿರುಪಿಸ್ತೂಲನ್ನು ಮಾಡುತ್ತಿದ್ದಿತು. ತಿಂಗಳಿಗೆ 10,000 ಬೇಕೆಂದು ಮೊದಲು ಬೇಡಿಕೆ. ಕೆಲವೇ ತಿಂಗಳಲ್ಲಿ ಅದು 30,000ಕ್ಕೆ ಏರಿತು. ಒಂದು ಕಾರ್ಖಾನೆಯಿಂದ ಆಗುವ ಮಾತಲ್ಲವಾದುದರಿಂದ ಕೆಲಸವು ಹತ್ತಾರು ಅಂಗಡಿಗಳಿಗೆ ಹಂಚಿಹೋಯಿತು. ರೂಪ ಒಂದೇ, ಅಳತೆ ಮಾತ್ರ ಅವರವರದು. ಕೂಡದಿದ್ದ ಭಾಗಗಳನ್ನು ಅರದಿಂದ ಉಜ್ಜಿ ಕೂಡಿಸುತ್ತಿದ್ದರು. ಹೀಗಾಗಿ ಒಬ್ಬರ ಗೂಡು ಮತ್ತೊಬ್ಬರ ಪಿಸ್ತೂಲಿಗೆ ಹಿಡಿಯಲಿಲ್ಲ. ರಣರಂಗದಲ್ಲಿ ಗೂಡು ಅದಲುಬದಲಾದರೆ ಸಿಪಾಯಿಯ ಗತಿಯೇನು? ಅದಕ್ಕಾಗಿ ಪ್ರತಿಯೊಂದು ಅಂಗಡಿಗೂ ಎರಡಕ್ಷರದ ಗುರುತನ್ನು ಗೊತ್ತುಮಾಡಿ, ಪಿಸ್ತೂಲಿನ ಎಡಬದಿಯ ಹಿಂಭಾಗದಲ್ಲಿ ಒತ್ತಿಸಿದರು.

ಮುದುಕರು ಬರಿಗೈಯನ್ನೇ ಪಿಸ್ತೂಲಾಗಿ ಮಾಡಿಕೊಂಡು ಅದನ್ನು ಬಿಚ್ಚುವ ಕ್ರಮವನ್ನೂ ತೋರಿಸಿದರು. ಮೊದಲು ಗೂಡನ್ನು ತೆಗೆದು, ನಳಿಗೆಯಲ್ಲಿ ತೋಟಾ ಉಳಿದಿಲ್ಲವೆಂದು ಕಣ್ಣಾರೆ ಕಾಣಬೇಕು. ಮೇಲಿನ ಜಾರುಕವಚವನ್ನು ಹಿಂದೆಳೆದು, ಪಕ್ಕದ ಸಣ್ಣ ಕೀಲಿನಿಂದ ತಡೆದು, ನಳಿಗೆಯನ್ನು ತಿರುಗಿಸಿದರೆ ಹಲ್ಲುಗಳು ಬಿಡುತ್ತವೆ. ಆಗ ಎಲ್ಲವೂ ಮುಂದಕ್ಕೆ ಜಾರಿ ಬರುತ್ತದೆ. “ಬಿಚ್ಚುವುದು ಸುಲಭ, ಯಜಮಾನರೆ. ಬೇರೆ ಭಾಗವನ್ನು ಕೂಡಿಸುವುದೇ ಕಷ್ಟ. ಅಕ್ಷರ ಕೂಡಿದರೂ ಸಾಲದು, ಅರ ಬೇಕು, ಅರ ಹಿಡಿಯುವ ಕೈಯೂ ಬೇಕು” ಎಂದರು. ಅವರ ಬೆರಳುಗಳು ನಡುಗುತ್ತಿದ್ದವು.

ನನಗೆ ವ್ಯಾಕರಣಪಾಠವು ನೆನಪಾಯಿತು. ಒಂದು ವರ್ಣದ ಸ್ಥಾನದಲ್ಲಿ ಬರುವ ಬೇರೊಂದು ವರ್ಣಕ್ಕೆ ಆದೇಶವೆಂದು ಹೆಸರು. ಪಾಣಿನಿಯ ಮತದಲ್ಲಿ ಆದೇಶವು ಸಾಮಾನ್ಯವಾಗಿ ಮೂಲದ ಧರ್ಮವನ್ನೇ ಪಡೆಯುತ್ತದೆ. ಶಬ್ದಕ್ಕೆ ದೊರೆತ ಈ ಸೌಲಭ್ಯವು ಉಕ್ಕಿಗೆ ದೊರೆಯಲಿಲ್ಲ. ಮನುಷ್ಯರಲ್ಲಿಯೂ ಹೀಗೆಯೇ ಅಲ್ಲವೆ? ಒಬ್ಬರು ತೆರವು ಮಾಡಿದ ಸ್ಥಾನಕ್ಕೆ ಮತ್ತೊಬ್ಬರು ಬರಬಹುದು. ಆ ಸ್ಥಾನಕ್ಕೆ ಹೊಂದಿಕೊಳ್ಳಲು ಎಷ್ಟು ಉಜ್ಜಿಸಿಕೊಳ್ಳಬೇಕು!

ಯುದ್ಧವು ಮುಗಿದ ಮೇಲೆ ಬೇಡಿಕೆಯೂ ಕುಗ್ಗಿತು. 1840ರಿಂದ ಬಂದೂಕು ಮಾಡುತ್ತಿದ್ದ ಓರ್ಬೆಯಾ ಮನೆತನದವರು ಕ್ರಮೇಣ ಬೈಸಿಕಲ್ಲಿಗೆ ತಿರುಗಿದರು. 1920ರಲ್ಲಿ ಕೆಲಸಗಾರರೇ ಸೇರಿ ಆಯುಧಕ್ಕಾಗಿ ಕಟ್ಟಿದ ಆಲ್ಫಾ ಸಹಕಾರ ಸಂಘವು ಕೆಲವೇ ವರ್ಷಗಳಲ್ಲಿ ಹೊಲಿಗೆಯ ಯಂತ್ರವನ್ನು ಮಾಡತೊಡಗಿತು. 1937ರ ಏಪ್ರಿಲಿನಲ್ಲಿ ಅಂತರ್ಯುದ್ಧದ ವಿಮಾನದಾಳಿಗೆ ಸಿಕ್ಕಿ ಹಾಳಾದ ಊರು ಮತ್ತೆ ಎದ್ದುನಿಂತಿತು. ಬಂದೂಕಿನ ಕೆಲಸವನ್ನು ಕಲಿಸಲು 1912ರಲ್ಲಿ ಸ್ಥಾಪಿಸಿದ ಶಾಲೆಯು ಇಂದು ಯಂತ್ರವಿದ್ಯೆಯನ್ನು ಕಲಿಸುತ್ತಿದೆ. ಪಿಸ್ತೂಲನ್ನು ಉಜ್ಜುತ್ತಿದ್ದ ಕೈಗಳೇ ಗೃಹಿಣಿಯರ ಹೊಲಿಗೆಗೆ ಒದಗಿದುದನ್ನು ಕೇಳಿ ಉಪಾಧ್ಯಾಯನಾದ ನನಗೆ ತುಂಬ ಸಮಾಧಾನವಾಯಿತು.

ಹಿಂದಿರುಗುವಾಗ ಫ್ರೆಂಚ್ ಮಹಾಶಯರು ಬಹಳ ಹೊತ್ತು ಮೌನವಾಗಿದ್ದರು. ಎರಡಕ್ಷರವನ್ನು ಬರೆದುಕೊಂಡು ತಂದಿದ್ದ ಚೀಟಿಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು, ಕಡೆಗೆ ಹೇಳಿದರು: “ನನ್ನ ತಾತನು ಮನೆಗೆ ಬಂದ ಮೇಲೆ ಅದನ್ನು ಒಮ್ಮೆಯೂ ಹಾರಿಸಲಿಲ್ಲ. ಗೂಡು ಕಳೆಯಿತೋ, ಅವನೇ ಕಳೆದನೋ ಯಾರು ಬಲ್ಲರು? ಮೊಮ್ಮಗನಿಗೆ ಹಾಗೆಯೇ ಕೊಡುತ್ತೇನೆ.”

ನಾನು ಅವರ ಕೈಯನ್ನು ಹಿಡಿದುಕೊಂಡೆನು. ಆ ಮಾತಿಗೆ ದುಭಾಷಿಯು ಬೇಕಾಗಲಿಲ್ಲ.