ಕಂಠವನ್ನು ಯಾರಿಂದ ಮಾಡಿಸುವುದು?

ಫ್ರಾನ್ಸಿನ ಗಾಯಕಿ ಎದಿತ್ ಪಿಯಾಫಳ ಬಾಳನ್ನು ಕುರಿತು ಒಲಿವಿಯೇ ದಾಹಾನ್ 2007ರಲ್ಲಿ ತೆಗೆದ ಸಿನೆಮಾವನ್ನು ಮಣಿಪಾಲದ ಮಿತ್ರರೊಬ್ಬರ ಮನೆಯಲ್ಲಿ ನೋಡಿದೆ. ಫ್ರೆಂಚ್ ನನಗೆ ಬಾರದು. ಅಡಿಬರಹ ಓದುತ್ತ ಕುಳಿತಿದ್ದೆ. ಹಾಡು ಬಂದಾಗ ಮಾತ್ರ ಓದುವ ಗೊಡವೆ ತಪ್ಪುತ್ತಿತ್ತು.

ಕಷ್ಟಕ್ಕೆಂದೇ ಹುಟ್ಟಿದ ಜೀವ ಅದು. ಬಾಲ್ಯದ ಕೆಲಕಾಲ ಅಜ್ಜಿ ನಡೆಸುತ್ತಿದ್ದ ವೇಶ್ಯಾಗೃಹದಲ್ಲಿ; ಆಮೇಲೆ ಬೀದಿಯಲ್ಲಿ ಕಸರತ್ತು ಮಾಡುವ ತಂದೆಯೊಡನೆ ಊರೂರು ಅಲೆದಾಟ. ಇದ್ದೊಂದು ಮಗು ಎರಡು ವರ್ಷಕ್ಕೇ ತೀರಿಕೊಂಡಿತು. ಪ್ರೀತಿಸಿದ ಮುಷ್ಟಿಮಲ್ಲ ಮಾರ್ಸೆಲ್ ಸೆರ್ದಾನ್, ಇವಳನ್ನು ಕಾಣಲು ಹೊರಟವನು, 1949ರಲ್ಲಿ ವಿಮಾನ ಬಿದ್ದು ಸತ್ತ. ಮುಂದೆ ಕುಡಿತ, ಮಾರ್ಫಿನ್. 1963ರಲ್ಲಿ, 47ನೆಯ ವಯಸ್ಸಿನಲ್ಲಿ ಸತ್ತಾಗ, ಬಾಳಿದ ರೀತಿ ಸರಿಯಿಲ್ಲವೆಂದು ಚರ್ಚು ಅಂತ್ಯದ ಪೂಜೆಯನ್ನು ನಿರಾಕರಿಸಿತು; ಪ್ಯಾರಿಸಿನ ಜನ ಮಾತ್ರ ಬೀದಿ ತುಂಬ ನಿಂತರು.

ಪಾತ್ರ ವಹಿಸಿದ ಮಾರಿಯೋ ಕೋತಿಯಾರಳಿಗೆ 2008ರಲ್ಲಿ ಆಸ್ಕರ್ ಬಂತು. ಆದರೆ ಹಾಡುಗಳಲ್ಲಿ ಹೆಚ್ಚಿನವು ಪಿಯಾಫಳದೇ ಧ್ವನಿಮುದ್ರಿಕೆಗಳು, ನಟಿ ತುಟಿಯಾಡಿಸಿದ್ದಾಳೆ. ಇದು ಸರಿಯೆಂದೇ ನನಗೆ ತೋರಿತು. ಮುಖವನ್ನು ಬಣ್ಣದಿಂದ ಮಾಡಬಹುದು, ಕಂಠವನ್ನು ಯಾರಿಂದ ಮಾಡಿಸುವುದು? ಒಂದು ಆಕ್ಷೇಪಣೆ ಉಂಟು: ಜರ್ಮನರು ಪ್ಯಾರಿಸನ್ನು ಹಿಡಿದಿದ್ದ ವರ್ಷಗಳಲ್ಲೂ ಅವಳು ಹಾಡುತ್ತಲೇ ಇದ್ದಳು, ಆ ಕಾಲವನ್ನು ಚಿತ್ರ ಬಹುಮಟ್ಟಿಗೆ ಹಾರಿಸಿಬಿಟ್ಟಿದೆ. ಮಾರ್ಫಿನ್ನಿನ ಸೂಜಿಯನ್ನು ತೋರಿಸಲು ನಾಚದವರು ಇಲ್ಲೇಕೆ ನಾಚಿದರೋ!

ನೋಡುತ್ತಿದ್ದಷ್ಟು ಹೊತ್ತೂ ನನ್ನ ನೆನಪು ಕಾಳಿಂಗ ನಾವಡರ ಕಡೆಗೆ ಹೋಗುತ್ತಿತ್ತು. ಗುಂಡ್ಮಿಯಲ್ಲಿ 1958ರಲ್ಲಿ ಹುಟ್ಟಿ, ತಂದೆ ರಾಮಚಂದ್ರ ನಾವಡರಿಂದಲೂ ನಾರ್ಣಪ್ಪ ಉಪ್ಪೂರರಿಂದಲೂ ಭಾಗವತಿಕೆ ಕಲಿತು, ‘ನಾಗಶ್ರೀ’ಯಂಥ ಪ್ರಸಂಗವನ್ನು ತಾವೇ ಬರೆದು, 1990ರಲ್ಲಿ ರಸ್ತೆ ಅಪಘಾತದಲ್ಲಿ ಹೋದವರು. ಅವರನ್ನು ನಾನು ಕಂಡವನಲ್ಲ. ಕಾಪುವಿನ ಸೋದರಮಾವನ ಮನೆಯಲ್ಲಿ ಕ್ಯಾಸೆಟ್ಟಿನಿಂದ ಕೇಳಿದವನು. ಕಾಪು, ಕಾರ್ಕಳ ಎಂದರೆ ತೆಂಕುತಿಟ್ಟಿನ ಸೀಮೆ. ಆದರೂ ಬಡಗಿನ ಈ ಕಂಠ ಅಲ್ಲಿ ಮನೆಮನೆಯ ಪೆಟ್ಟಿಗೆಯಲ್ಲಿತ್ತು. ಯಾರೋ ರಂಗಸ್ಥಳದ ಎದುರಿಗೆ ಯಂತ್ರವಿಟ್ಟು ಹಿಡಿದದ್ದು. ಪದ್ಯದ ಹಿಂದೆ ಚಂಡೆ, ಚಂಡೆಯ ಹಿಂದೆ ಯಾರದೋ ಕೆಮ್ಮು.

“ನಾವಡರ ಸಿನೆಮಾ ತೆಗೆದರೆ ಕೊನೆಯ ಅಪಘಾತವೊಂದೇ ಸಾಕು ಮಾರಾಯ್ರೆ, ಜನ ಕಣ್ಣೀರು ಹಾಕ್ತಾರೆ” ಎಂದರು ಕಾರ್ಕಳದ ಸಹೋದ್ಯೋಗಿಯೊಬ್ಬರು. ನಾನು ಒಪ್ಪಲಿಲ್ಲ. ಪಿಯಾಫಳ ಚಿತ್ರದಲ್ಲೂ ನನಗೆ ಬೇಸರ ತರಿಸಿದ್ದು ಇದೇ: ದುಃಖ ಹೆಚ್ಚಾಗಿ, ಹಾಡುವ ಕೆಲಸ ಕಡಿಮೆಯಾಯಿತು. ಭಾಗವತನಾದರೋ ವೇಷಗಳ ಬೆನ್ನಿಗೆ ಕೂರುವವನು. ಕೈಯಲ್ಲಿ ತಾಳ, ತಲೆಗೆ ಮುಂಡಾಸು. ಜನರ ಕಣ್ಣೆಲ್ಲ ಕುಣಿಯುವವನ ಮೇಲೆ. ಆ ಕುಣಿಯುವವನಿಗೆ ಉಸಿರು ಸಾಲದಾದಾಗ ಪದ್ಯವನ್ನು ಎಷ್ಟು ಎಳೆಯಬೇಕು, ಮುಂಜಾನೆ ನಿದ್ದೆಗೆ ಜಾರಿದ ಸಭೆಯನ್ನು ಯಾವ ರಾಗದಿಂದ ಎಬ್ಬಿಸಬೇಕು—ತೋರಿಸುವುದಾದರೆ ಇದನ್ನು ತೋರಿಸಬೇಕು. ಅದಕ್ಕೆ ಒಂದು ಇಡೀ ರಾತ್ರಿ ಬೇಕು. ಅಷ್ಟು ಉದ್ದದ ಚಿತ್ರಕ್ಕೆ ಹಣ ಹಾಕುವ ಪುಣ್ಯಾತ್ಮ ಯಾರು?

ಪಿಯಾಫಳ ಹಾಡುಗಳನ್ನು ಧ್ವನಿಮುದ್ರಣದ ಕಂಪನಿಗಳು ಜೋಪಾನ ಮಾಡಿದವು. ನಮ್ಮ ಕ್ಯಾಸೆಟ್ಟುಗಳನ್ನು ಕರಾವಳಿಯ ಮಳೆ ತಿನ್ನುತ್ತಿದೆ. ಸೋದರಮಾವನ ಪೆಟ್ಟಿಗೆಯಲ್ಲಿ ಹದಿನಾಲ್ಕು ಇದ್ದವು; ಬಿಳಿಯ ಬೂಷ್ಟು ಹಿಡಿದು ಒಂಬತ್ತು ಹೋದವು. ಉಳಿದ ಐದನ್ನು ಉಡುಪಿಯ ಹುಡುಗನೊಬ್ಬ ಕಂಪ್ಯೂಟರಿಗೆ ಏರಿಸಿಕೊಡುತ್ತಿದ್ದಾನೆ. ಕೆಮ್ಮನ್ನು ತೆಗೆದುಬಿಡಲೇ ಎಂದು ಕೇಳಿದ. ಬೇಡ, ಇರಲಿ ಎಂದಿದ್ದೇನೆ.