ಸವಾರನ ಕೆಳಗಿನ ಡಬ್ಬಿ

ಒಂದು ಅಂಗುಲ ಎತ್ತರದ ಪ್ಲಾಸ್ಟಿಕ್ ಸಿಪಾಯಿಗೆ ಬಣ್ಣ ಹಚ್ಚಬೇಕು ಎಂದಿಟ್ಟುಕೊಳ್ಳಿ. ಅವನನ್ನು ಎಲ್ಲಿ ಹಿಡಿಯುತ್ತೀರಿ? ತಲೆ ಹಿಡಿದರೆ ಪೇಟಕ್ಕೆ ಬಣ್ಣವಿಲ್ಲ, ಕಾಲು ಹಿಡಿದರೆ ಬೂಟಿಗಿಲ್ಲ. ಸೊಂಟ ಹಿಡಿದರಂತೂ ಅರ್ಧ ಸಮವಸ್ತ್ರ ನಿಮ್ಮ ಬೆರಳಿಗೇ ಬರುತ್ತದೆ. ಆಕ್ರಿಲಿಕ್ ಬಣ್ಣ ಬೇಗ ಒಣಗುತ್ತದೆ, ನಿಜ. ಆದರೆ ಬೆರಳಿನ ಜಿಡ್ಡು, ಬೆವರು ತಾಗಿ ತಾಗಿ ಮೂಗಿನ ತುದಿ, ಮೊಣಕೈ, ಪೇಟದ ಮಡಿಕೆಯಂಥ ಉಬ್ಬಿದ ಜಾಗಗಳಲ್ಲಿ ಸವೆದು ಅಡಿಯ ಪ್ಲಾಸ್ಟಿಕ್ ಇಣುಕುತ್ತದೆ. ಹಾಗಾಗಿ ಈ ಹವ್ಯಾಸದಲ್ಲಿ ಮೊದಲ ನೇಮವೇ ಬೊಂಬೆಯನ್ನು ಮುಟ್ಟಬಾರದು ಎಂಬುದು. ನಮ್ಮಜ್ಜಿಯ ಮಡಿಯಷ್ಟೇ ಕಟ್ಟುನಿಟ್ಟು.

ನನಗೆ ಈ ಹುಚ್ಚು ಹಿಡಿಸಿದವರು ಮೈಸೂರು ಮಹಾರಾಜರ ಕುದುರೆ ದಂಡಾದ ಮೈಸೂರು ಲ್ಯಾನ್ಸರ್ಸ್. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕವಿದೆ. ಆ ದಾರಿಯಲ್ಲಿ ಓಡಾಡುವ ಬಹುಪಾಲು ಜನರ ಹಾಗೆ ನಾನೂ ಅದನ್ನು ಕಂಡೂ ಕಾಣದಂತೆ ದಾಟುತ್ತಿದ್ದೆ. 1918ರ ಸೆಪ್ಟೆಂಬರ್ 23ರಂದು, ಮೆಷಿನ್‌ಗನ್ನುಗಳ ಕಾಲದಲ್ಲಿ, ಜೋಧಪುರದ ಸವಾರರ ಜೊತೆ ಈಟಿ ಹಿಡಿದು ಹೈಫಾ ಪಟ್ಟಣವನ್ನು ಗೆದ್ದವರು ಇವರೇ ಎಂದು ಓದಿದ ಮೇಲೆ, ಆ ದಂಡಿನ ನಾಲ್ಕು ಜನರನ್ನಾದರೂ ನನ್ನ ಮೇಜಿನ ಮೇಲೆ ನಿಲ್ಲಿಸಬೇಕು ಅನ್ನಿಸಿತು. 1:72 ಅಳತೆಯ ಸವಾರರ ಪೆಟ್ಟಿಗೆ ತರಿಸಿದೆ. ಕುದುರೆ ಬೇರೆ, ಸವಾರ ಬೇರೆ. ಕಾಲು ಅಗಲಿಸಿ, ಗಾಳಿಯಲ್ಲಿ ಕೂತ ಭಂಗಿಯ ಈ ಮನುಷ್ಯನಿಗೆ ನಿಲ್ಲಲು ನೆಲವೇ ಇಲ್ಲ.

ಅದಕ್ಕೆ ಹಿಡಿಕೆ ಬೇಕು. ನನ್ನದು ಫಿಲ್ಮ್ ರೀಲಿನ ಡಬ್ಬಿ. ಸುಮಾರು 3 ಸೆಂಟಿಮೀಟರ್ ಅಗಲ, 5 ಸೆಂಟಿಮೀಟರ್ ಎತ್ತರದ, ಬೂದು ಮುಚ್ಚಳದ ಆ ಕಪ್ಪು ಡಬ್ಬಿ ಯಾರಿಗೆ ನೆನಪಿಲ್ಲ? ಕೊಡಾಕ್‌ನವರು 1934ರಲ್ಲಿ 35 ಮಿಲಿಮೀಟರ್ ಫಿಲ್ಮನ್ನು ಕ್ಯಾಸೆಟ್ಟಿನಲ್ಲಿ ತುಂಬಿಯೇ ಮಾರಲು ತೊಡಗಿದರು. ಕಡೆಗೆ ನಮ್ಮ ಮನೆಗಳಲ್ಲಿ ಫೋಟೋಗಳಿಗಿಂತ ಹೆಚ್ಚು ಬಾಳಿದ್ದು ಡಬ್ಬಿಗಳೇ. ವಿಭೂತಿ, ಕರ್ಪೂರ, ಬಸ್ಸಿನ ಚಿಲ್ಲರೆ, ಸೂಜಿ, ಪ್ರಯಾಣಕ್ಕೆ ಒಂದಿಷ್ಟು ಉಪ್ಪಿನಕಾಯಿ, ಏನೆಲ್ಲ ಇರಲಿಲ್ಲ ಅದರಲ್ಲಿ! ನಾನು ಮರಳು ತುಂಬಿದೆ. ತೂಕ ಬಂದರೆ ಮೇಜಿನ ಮೇಲಿಟ್ಟಾಗ ಉರುಳುವುದಿಲ್ಲ. ಮುಚ್ಚಳದ ಮೇಲೆ ಬಾಟಲಿಯ ಬಿರಡೆಯ ಒಂದು ಬಿಲ್ಲೆ ಅಂಟಿಸಿದೆ. ಗುಂಡುಪಿನ್ನಿನ ತಲೆ ಕತ್ತರಿಸಿ, ಒಂದು ತುದಿಯನ್ನು ಬಿರಡೆಗೆ, ಇನ್ನೊಂದನ್ನು ಸವಾರನ ಕುಂಡೆಯಲ್ಲಿ ಕೊರೆದ ತೂತಿಗೆ ತೂರಿಸಿದೆ. ಮಹಾರಾಜರ ಸಿಪಾಯಿಗೆ ಇದು ಮರ್ಯಾದೆಯಲ್ಲ. ಆದರೆ ಕುದುರೆ ಏರಿದ ಮೇಲೆ ತೂತು ಜೀನಿಗೆ ಒತ್ತಿ ಮುಚ್ಚಿಹೋಗುತ್ತದೆ.

ಡಬ್ಬಿಯ ಉಪಕಾರ ಅಷ್ಟಕ್ಕೇ ಮುಗಿಯುವುದಿಲ್ಲ. ಎಡಗೈ ಡಬ್ಬಿಯನ್ನು ಹಿಡಿದಿರುತ್ತದೆ, ಬಲಗೈಯ ಕಿರುಬೆರಳು ಮುಚ್ಚಳದ ಅಂಚಿನ ಮೇಲೆ ಊರಿರುತ್ತದೆ, ಎರಡು ಮಣಿಕಟ್ಟುಗಳೂ ಒಂದಕ್ಕೊಂದು ಒತ್ತಿರುತ್ತವೆ. ಕೈ ನಡುಗಿದರೂ ಎರಡೂ ಕೂಡಿ ನಡುಗುವುದರಿಂದ ಕುಂಚಕ್ಕೂ ಬೊಂಬೆಗೂ ನಡುವಿನ ಅಂತರ ಬದಲಾಗುವುದಿಲ್ಲ. ಐವತ್ತು ದಾಟಿದವನೊಬ್ಬ ಕಾಳುಮೆಣಸಿಗಿಂತ ಚಿಕ್ಕ ಮುಖಕ್ಕೆ ಮೀಸೆ ಬರೆಯಲು ಸಾಧ್ಯವಾಗುವುದು ಹೀಗೆ.

ಈ ಕೆಲಸ ಹವ್ಯಾಸವಾಗುವ ಮೊದಲು ಹೊಟ್ಟೆಪಾಡಾಗಿತ್ತು. ಹದಿನೆಂಟನೆಯ ಶತಮಾನದಲ್ಲಿ ಜರ್ಮನಿಯ ನ್ಯೂರೆಂಬರ್ಗಿನಲ್ಲಿ ಹಿಲ್‌ಪರ್ಟ್ ಎಂಬ ಕುಶಲಕರ್ಮಿ ತವರದ ಚಪ್ಪಟೆ ಸಿಪಾಯಿಗಳನ್ನು ಎರಕ ಹೊಯ್ದ; 1839ರಲ್ಲಿ ಅದೇ ಊರಿನಲ್ಲಿ ಹೈನ್‌ರಿಕ್ಸನ್ ತನ್ನ ಕಾರ್ಖಾನೆ ತೆರೆದ. ಆ ಸಿಪಾಯಿಗಳಿಗೆ ಬಣ್ಣ ಹಚ್ಚುತ್ತಿದ್ದವರು ಮನೆಯಲ್ಲೇ ಕೂತು ಬಿಡಿಲೆಕ್ಕದ ಕೂಲಿಗೆ ದುಡಿಯುತ್ತಿದ್ದ ಹೆಂಗಸರು, ಮಕ್ಕಳು. 1893ರಲ್ಲಿ ಲಂಡನ್ನಿನ ವಿಲಿಯಂ ಬ್ರಿಟನ್ ಕಂಪನಿ ಸೀಸದ ಟೊಳ್ಳು ಸಿಪಾಯಿಯನ್ನು ತಂದಿತು: ಕರಗಿದ ಸೀಸವನ್ನು ಅಚ್ಚಿಗೆ ಹೊಯ್ದು, ಹೊರಪದರ ಗಟ್ಟಿಯಾದೊಡನೆ ಉಳಿದದ್ದನ್ನು ಸುರಿದುಬಿಡುವುದು. ಸೀಸ ಉಳಿಯಿತು, ಬೆಲೆ ಇಳಿಯಿತು, ಸಾಮಾನ್ಯರ ಮಕ್ಕಳ ಕೈಗೂ ದಂಡು ಬಂತು. ದೊಡ್ಡವರು ತಮಗಾಗಿ ಬಣ್ಣ ಹಚ್ಚಲು ಕೂತ ಕಾಲಕ್ಕೆ ದಾರದ ರೀಲು, ವೈನ್ ಬಾಟಲಿಯ ಬಿರಡೆ, ಮಾತ್ರೆಯ ಡಬ್ಬಿಗಳೆಲ್ಲ ಹಿಡಿಕೆಗಳಾದವು.

ನಮ್ಮಲ್ಲಿ ಇದೇ ಸಮಸ್ಯೆಗೆ ಬಹಳ ಹಿಂದೆಯೇ ಉತ್ತರವಿತ್ತು. ಬೆಂಗಳೂರಿನ ನಗರ್ತಪೇಟೆಯ ಗಲ್ಲಿಯೊಂದರಲ್ಲಿ ಒಡವೆಗೆ ಕಲ್ಲು ಕೂರಿಸುವವರೊಬ್ಬರು ಮರದ ಕೋಲಿನ ತುದಿಯ ಅರಗನ್ನು ಬಿಸಿಮಾಡಿ, ಉಂಗುರವನ್ನು ಅದಕ್ಕೆ ಕಚ್ಚಿಸಿ, ಆರಿದ ಮೇಲೆ ಕೆಲಸಕ್ಕೆ ಕೂರುವುದನ್ನು ನೋಡಿದೆ. "ಬೆರಳಲ್ಲಿ ಹಿಡ್ಕೊಂಡು ಮಾಡಕ್ಕಾಗಲ್ವಾ?" ಎಂದೆ. "ಮಾಡ್ಬೋದು ಸಾರ್, ಆಮೇಲೆ ಬೆರಳು ಇರಲ್ಲ" ಎಂದರು. ನನ್ನ ಸವಾರನನ್ನು ಜೇಬಿನಿಂದ ತೆಗೆದು ತೋರಿಸಿದೆ. ತಿರುಗಿಸಿ ನೋಡಿ, "ಇದು ಅರಗಿನ ಬಿಸಿ ತಡೆಯಲ್ಲ" ಎಂದು ನಕ್ಕರು. ಅಲ್ಲಿ ಹಿಡಿಕೆಯಾದ ಅರಗು ಚನ್ನಪಟ್ಟಣದಲ್ಲಿ ಬಣ್ಣವೇ ಆಗುತ್ತದೆ. ಲೇತಿನಲ್ಲಿ ಸುತ್ತುವ ಹಾಲೆ ಮರದ ಬೊಂಬೆಗೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಉಜ್ಜಾಟದ ಬಿಸಿಗೇ ಅದು ಕರಗಿ ಮೆತ್ತಿಕೊಳ್ಳುತ್ತದೆ. ಕೇದಗೆ ಗರಿ ಹಿಡಿದರೆ ಹೊಳಪು. ಬೊಂಬೆಯನ್ನು ಹಿಡಿದಿರುವುದು ಯಂತ್ರ, ಹಸಿ ಬಣ್ಣಕ್ಕೆ ಬೆರಳು ತಾಗುವ ಪ್ರಶ್ನೆಯೇ ಇಲ್ಲ. ಗುಂಡಗಿನ ಬೊಂಬೆಗೆ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ; ಕೈಯಲ್ಲಿ ಈಟಿ ಹಿಡಿದವನಿಗೆ ಮಾತ್ರ ಇದು ಆಗದು.

ಈಗ ಅಂಗಡಿಯಲ್ಲೂ ಹಿಡಿಕೆ ಸಿಗುತ್ತದೆ. 1975ರಲ್ಲಿ ಲಂಡನ್ನಿನ ಬಾಡಿಗೆ ಮನೆಯಲ್ಲಿ, ಕೈಯಲ್ಲೇ ಮಾಡಿದ ಮರದ ಆಟದ ಹಲಗೆ ಮಾರುತ್ತ ಶುರುವಾದ ಗೇಮ್ಸ್ ವರ್ಕ್‌ಶಾಪ್ ಕಂಪನಿಯೇ ಇಂದು ಸ್ಪ್ರಿಂಗ್ ಹಾಕಿದ ಪ್ಲಾಸ್ಟಿಕ್ ಹಿಡಿಕೆ ಮಾರುತ್ತದೆ. ಅದರ ದವಡೆ ಅವರ ಬೊಂಬೆಗಳ ದುಂಡು ಪೀಠವನ್ನು ಚೆನ್ನಾಗಿ ಕಚ್ಚುತ್ತದೆ. ಪೀಠವೇ ಇಲ್ಲದ ನನ್ನ ಸವಾರನಿಗೆ ಅದರಿಂದೇನು? ಅಲ್ಲದೆ ಒಮ್ಮೆಗೆ ನಾಲ್ವರಿಗೆ ಖಾಕಿ ಹಚ್ಚಿ ಒಣಗಲು ಬಿಡಬೇಕಾದಾಗ ನಾಲ್ಕು ಹಿಡಿಕೆ ಬೇಕು. ಡಬ್ಬಿಯಾದರೆ ನಾಲ್ಕೂ ಪುಕ್ಕಟೆ.

ಸದ್ಯ ನನ್ನಲ್ಲಿರುವುದು ಮೂರು. ನಾಲ್ಕನೆಯದರಲ್ಲಿ ದೇವರ ಮನೆಯ ವಿಭೂತಿ ಇದೆ, ನನ್ನ ಹೆಂಡತಿ ಬಿಟ್ಟುಕೊಡುವ ಲಕ್ಷಣವಿಲ್ಲ. ನಿಮ್ಮ ಮನೆಯ ಹಳೆಯ ಬೀರುವಿನಲ್ಲೋ ಅಟ್ಟದ ಮೇಲೋ ಫಿಲ್ಮ್ ಡಬ್ಬಿ ಸಿಕ್ಕರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಮುಚ್ಚಳ ಮಾತ್ರ ಬಿಗಿಯಾಗಿರಲಿ.